ಸಹಾಯ ಬೇಕು: ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜು ಪ್ರವೇಶ, ಎರಡು ಪ್ರಶ್ನೆ

ನಮಸ್ಕಾರ. ಪಿಯುಸಿ ಮುಗಿಸಿ ಎಫ್-1 (ಅಮೆರಿಕದ ವಿದ್ಯಾರ್ಥಿ) ವೀಸಾದಲ್ಲಿ ಈ ಕಮ್ಯುನಿಟಿ ಕಾಲೇಜುಗಳಿಗೆ (ಹೆಚ್ಚಾಗಿ ಎರಡು ವರ್ಷದ ಸರ್ಕಾರಿ ಕಾಲೇಜು) ಹೋಗುವ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಪಟ್ಟಿ ಮಾಡುತ್ತಿದ್ದೇವೆ. ಪಾಸ್‌ಪೋರ್ಟ್, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆಯ ಅಂಕ, ಒಂದು ವರ್ಷದ ಖರ್ಚಿಗೆ ಬ್ಯಾಂಕ್ ಸ್ಟೇಟ್‌ಮೆಂಟ್, ಹಣ ಕೊಡುವವರ ಪತ್ರ, ಇಷ್ಟು ಸೇರಿಸಿದ್ದೇವೆ. ಐ-20 (ವೀಸಾಕ್ಕಾಗಿ ಕಾಲೇಜು ಕೊಡುವ ಅರ್ಹತಾ ಪತ್ರ) ಬಂದ ಮೇಲೆ 350 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಶುಲ್ಕ ಕಟ್ಟಿ, ಆಮೇಲೆ ವೀಸಾ ಸಂದರ್ಶನ. ಸೇರಿದ ಮೇಲೆ ಪ್ರತಿ ಸೆಮಿಸ್ಟರಿಗೆ ಕನಿಷ್ಠ 12 ಯೂನಿಟ್ (ಕ್ರೆಡಿಟ್) ಬೇಕು. ಅದರಲ್ಲಿ ಆನ್‌ಲೈನ್ ತರಗತಿ ಒಂದೇ, ಅದೂ 3 ಯೂನಿಟ್‌ವರೆಗೆ ಮಾತ್ರ ಲೆಕ್ಕಕ್ಕೆ. ಇದನ್ನು ಮರೆತರೆ ವೀಸಾ ಸ್ಥಿತಿಗೇ ಕುತ್ತು, ದಯವಿಟ್ಟು ಎಲ್ಲರಿಗೂ ತಿಳಿಸಿ.

ಗೊತ್ತಿರುವವರು ಹೇಳಿ:

ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರು. ನಮ್ಮ ಕಡೆ ಇದು ಮಾಮೂಲು. ಇತ್ತೀಚೆಗೆ ಪ್ರವೇಶ ಪಡೆದವರು ನೋಟರಿ ಅಫಿಡವಿಟ್ ಕೊಟ್ಟಿರಾ, ಬೋರ್ಡಿನಲ್ಲಿ ತಿದ್ದಿಸಿದಿರಾ? ಅರ್ಜಿಯಲ್ಲಂತೂ ಪಾಸ್‌ಪೋರ್ಟಿನ ಹೆಸರನ್ನೇ ಬರೆಯಿಸುತ್ತಿದ್ದೇವೆ.

ಎಚ್-4ನಲ್ಲಿದ್ದು (ಎಚ್-1ಬಿಯಂಥ ಕೆಲಸದ ವೀಸಾದವರ ಕುಟುಂಬದ ವೀಸಾ) ಅಲ್ಲೇ ಹೈಸ್ಕೂಲ್ ಓದುತ್ತಿರುವವರು ಜೊತೆಗೆ ಕಮ್ಯುನಿಟಿ ಕಾಲೇಜಿನ ತರಗತಿ ತೆಗೆದುಕೊಳ್ಳಲು ಐ-20 ಬೇಡ, ಪೋಷಕರ ಮತ್ತು ಶಾಲೆಯ ಒಪ್ಪಿಗೆ ಬೇಕು. ಅವರಿಗೆ ಅನಿವಾಸಿ ಶುಲ್ಕ (ಆ ರಾಜ್ಯದ ನಿವಾಸಿ ಅಲ್ಲದವರಿಗೆ ಹಾಕುವ ಹೆಚ್ಚಿನ ಶುಲ್ಕ) ಹಾಕಿದ್ದಾರೆಯೇ? ಕಾಲೇಜಿನ ಹೆಸರು, ಸೆಮಿಸ್ಟರ್ ಸಮೇತ ತಿಳಿಸಿ.