ಪದ ಬೇಕಾಗಿದೆ: ‘ಕ್ಲಾಸ್’ಗೆ ‘ವರ್ಗ’ ಬಿಟ್ಟು ಬೇರೇನು?

ಗೆಳೆಯರೇ, ನಮಸ್ಕಾರ.

ಹಾಸನದ ಒಂದು ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಲೂರು, ಅರಕಲಗೂಡು, ಸಕಲೇಶಪುರ ಕಡೆಯವರು. ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವರು. ಅವರಿಗೆಂದು ಒಂದು ಕನ್ನಡ ಟಿಪ್ಪಣಿ ಬರೆಯುತ್ತಿದ್ದೇನೆ. ಕೋಡ್ ಇಂಗ್ಲಿಷಿನಲ್ಲೇ, ಪರೀಕ್ಷೆಯೂ ಇಂಗ್ಲಿಷಿನಲ್ಲೇ. ವಿಷಯ ತಲೆಗೆ ಹತ್ತಲಿ ಅಂತ ಕನ್ನಡ, ಅಷ್ಟೇ. ನಾಲ್ಕು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ: ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ.

ಕ್ಲಾಸ್‌ಗೆ ಎಲ್ಲರ ಹಾಗೆ ನಾನೂ ‘ವರ್ಗ’ ಅಂತಲೇ ಬರೆದಿದ್ದೆ. (ಕ್ಲಾಸ್ ಅಂದರೆ ಒಂದು ಬಗೆಯದಕ್ಕೆಲ್ಲ ಬರೆದಿಡುವ ನಮೂನೆ, ಆಬ್ಜೆಕ್ಟ್ ಅಂದರೆ ಆ ನಮೂನೆಯಿಂದ ಮಾಡಿದ ಒಂದೊಂದು.) ಮೊದಲ ವಾರವೇ ಎಡವಟ್ಟಾಯಿತು. ಲ್ಯಾಬಿನಲ್ಲಿ ‘ಸಂಖ್ಯೆಗೆ ಒಂದು ವರ್ಗ ಬರೆಯಿರಿ’ ಅಂತ ಬೋರ್ಡಿನ ಮೇಲೆ ಬರೆದು ಕಾಫಿಗೆ ಹೋದೆ. ಬಂದು ನೋಡಿದರೆ ಮುಂದಿನ ಬೆಂಚಿನ ನಾಲ್ಕು ಜನ 5ಕ್ಕೆ 25, 12ಕ್ಕೆ 144 ಅಂತ ಉತ್ತರ ತೋರಿಸುತ್ತಿದ್ದಾರೆ! ಅವರದೇನು ತಪ್ಪು? ಗಣಿತದಲ್ಲಿ ವರ್ಗ, ವರ್ಗಮೂಲ ಓದಿಕೊಂಡು ಬಂದವರು. ವ್ಯಾಕರಣದಲ್ಲಿ ಕ-ವರ್ಗ, ಚ-ವರ್ಗ ಬೇರೆ. ಮನೆಯಲ್ಲಿ ‘ಮಾವನಿಗೆ ಚಿಕ್ಕಮಗಳೂರಿಗೆ ವರ್ಗ ಆಯ್ತು’ ಅಂತಾರೆ. ಪಾಪ, ಒಂದು ಪದ ಎಷ್ಟು ಅಂತ ಹೊರಬೇಕು? ‘ತರಗತಿ’ ಅಂತೂ ಬೇಡವೇ ಬೇಡ. ಅದರ ಹಿಂದೆ ಬೆಂಚು, ಹಾಜರಿ ಎಲ್ಲ ಬಂದುಬಿಡುತ್ತವೆ.

ಆಮೇಲೆ ನೆನಪಾದದ್ದು ಶಾಲೆಯ ನಾಮಪದದ ಪಾಠ. ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದು. ನದಿ ರೂಢನಾಮ, ಹೇಮಾವತಿ ಅಂಕಿತನಾಮ. ಕ್ಲಾಸಿಗೂ ಆಬ್ಜೆಕ್ಟಿಗೂ ಇರುವ ನಂಟು ಇದೇ ಅಲ್ವಾ? ‘ನದಿ’ ಅನ್ನುವುದು ಖಾಲಿ ನಮೂನೆ ಇದ್ದ ಹಾಗೆ: ಹುಟ್ಟುವ ಜಾಗ, ಹರಿಯುವ ದಾರಿ, ಸೇರುವ ನದಿ. ‘ಹೇಮಾವತಿ’ ಅಂದ ಕೂಡಲೇ ನಮೂನೆ ಭರ್ತಿಯಾಗುತ್ತದೆ. ಹುಟ್ಟುವುದು ಮೂಡಿಗೆರೆ ತಾಲ್ಲೂಕಿನಲ್ಲಿ, ಸೇರುವುದು ಕಾವೇರಿಯನ್ನು. ‘ಯಗಚಿ’ಗೂ ಅದೇ ನಮೂನೆ. ಆದರೆ ಅದರ ‘ಸೇರುವ ನದಿ’ ಅನ್ನುವ ಕಡೆ ಹೇಮಾವತಿ ಅಂತ ಬರೆಯಬೇಕು. ಒಂದು ಆಬ್ಜೆಕ್ಟಿನೊಳಗೆ ಇನ್ನೊಂದು ಆಬ್ಜೆಕ್ಟಿನ ವಿಳಾಸ ಇರುತ್ತದೆ ಅನ್ನುವುದನ್ನು ಹೇಳಲು ಹಿಂದಿನ ವರ್ಷ ಎರಡು ಪೀರಿಯಡ್ ಒದ್ದಾಡಿದ್ದೆ. ಈ ಸಲ ಯಗಚಿ ಐದು ನಿಮಿಷದಲ್ಲಿ ಮುಗಿಸಿತು.

ಅನ್ವರ್ಥನಾಮವಂತೂ ಜಾವಾದ ಇಂಟರ್‌ಫೇಸ್‌ಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಇಂತಿಂಥ ಕೆಲಸ ಮಾಡಬಲ್ಲೆ ಅಂತ ಕ್ಲಾಸ್ ಒಪ್ಪಿಕೊಳ್ಳುವ ಪಟ್ಟಿ ಅದು. ವ್ಯಾಪಾರಿ, ಶಿಕ್ಷಕ, ರೋಗಿ ಇವೆಲ್ಲ ಮಾಡುವ ಕೆಲಸದಿಂದಲೋ ಇರುವ ಸ್ಥಿತಿಯಿಂದಲೋ ಬಂದ ಹೆಸರು. ಯಾರೇ ಆಗಲಿ, ಮಾರಿದರೆ ವ್ಯಾಪಾರಿ. ಒಬ್ಬನೇ ವ್ಯಾಪಾರಿಯೂ ಹೌದು, ರೋಗಿಯೂ ಹೌದು. ಜಾವಾದಲ್ಲಿ ಒಂದು ಕ್ಲಾಸ್ ಎಷ್ಟು ಇಂಟರ್‌ಫೇಸ್ ಬೇಕಾದರೂ ಹೊತ್ತುಕೊಳ್ಳಬಹುದು, ಹಾಗೆ.

ಖುಷಿಯಲ್ಲಿ ಇದನ್ನು ನಮ್ಮ ಕನ್ನಡ ಮೇಡಂಗೆ ಹೇಳಿದೆ. ಅವರು ಒಂದೇ ಮಾತಿಗೆ ಗಾಳಿ ತೆಗೆದರು: ‘ಸರ್, ಅಂಕಿತನಾಮ ಅನ್ನೋದು ಹೆಸರು. ನದಿ ಹೆಸರಲ್ಲ, ನೀರು.’ ಸರಿಯೇ. ಜಾವಾದಲ್ಲಿ ಒಂದೇ ಆಬ್ಜೆಕ್ಟಿಗೆ ಎರಡು ಹೆಸರು ಇರಬಹುದು. ಒಂದು ಹೆಸರನ್ನು ಇವತ್ತು ಇದಕ್ಕೆ, ನಾಳೆ ಅದಕ್ಕೆ ಕಟ್ಟಬಹುದು. ಹಾಗಾದರೆ ಅಂಕಿತ ಅನ್ನುವುದು ವೇರಿಯಬಲ್‌ಗೆ ಸರಿಹೋಗುತ್ತದೆ, ಆಬ್ಜೆಕ್ಟ್ ‘ವಸ್ತು’ವೇ ಆಗಬೇಕೇನೋ. ಆದರೆ ‘ರಜಾ ಅರ್ಜಿ ಒಂದು ವಸ್ತು, ಬ್ಯಾಂಕ್ ಖಾತೆ ಒಂದು ವಸ್ತು’ ಅಂದರೆ ಮಕ್ಕಳು ಮುಖ ಮುಖ ನೋಡುತ್ತಾರೆ. ಕೈಗೆ ಸಿಗದ್ದನ್ನು ಕನ್ನಡದಲ್ಲಿ ವಸ್ತು ಅನ್ನಲು ನಮಗೆ ಮನಸ್ಸು ಬರುವುದಿಲ್ಲ. ಇದು ನನ್ನ ಮೊದಲ ಪ್ರಶ್ನೆ.

ವ್ಯಾಕರಣದ ಪದವನ್ನು ಕಂಪ್ಯೂಟರಿಗೆ ಎಳೆದು ತಂದವನು ನಾನೇ ಮೊದಲಿಗನಲ್ಲ. ಕ್ಲಾಸ್, ಆಬ್ಜೆಕ್ಟ್ ಎರಡೂ ಇದ್ದ ಮೊದಲ ಭಾಷೆ ಸಿಮ್ಯುಲಾ 67. ಅದನ್ನು ಮಾಡಿದ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ನಾರ್ವೆಯವರು. ಒಂದು ಕ್ಲಾಸಿನ ಗುಣ ಇನ್ನೊಂದಕ್ಕೆ ಇಳಿದು ಬಂದರೆ ಮೊದಲನೆಯದು ತಂದೆ, ಎರಡನೆಯದು ಮಗು. ಅವರು ತಂದೆ ಕ್ಲಾಸಿನ ಹೆಸರನ್ನು ಮಗುವಿನ ಹೆಸರಿಗಿಂತ ಮೊದಲು, ನಮ್ಮ ಇನಿಶಿಯಲ್ ಇಡುವ ಜಾಗದಲ್ಲಿ, ಬರೆಸುತ್ತಿದ್ದರು. ಅದಕ್ಕೆ ಇಟ್ಟ ಹೆಸರು ಪ್ರಿಫಿಕ್ಸ್, ಅಂದರೆ ಉಪಸರ್ಗ!

ಇನ್ನು ಇನ್‌ಹೆರಿಟೆನ್ಸ್, ಅಂದರೆ ಹೀಗೆ ಗುಣ ಇಳಿದು ಬರುವುದು. ‘ಉತ್ತರಾಧಿಕಾರ’ ಅಂದರೆ ಮೊದಲಿನವನು ಜಾಗ ಖಾಲಿ ಮಾಡಬೇಕು. ಇಲ್ಲಿ ತಂದೆ ಗಟ್ಟಿಮುಟ್ಟಾಗಿಯೇ ಇರುತ್ತಾನೆ. ‘ಪಿತ್ರಾರ್ಜಿತ’ ಅಂತ ಹೇಳಿ ನೋಡಿದೆ. ಸಕಲೇಶಪುರದ ಹುಡುಗ ಎದ್ದು ನಿಂತ: ‘ಸರ್, ಮೂರು ಮಕ್ಕಳಿದ್ದರೆ ಒಬ್ಬೊಬ್ಬರಿಗೆ ಮೂರನೇ ಒಂದು ಭಾಗ ತಾನೇ?’ ಅವರ ಮನೆಯಲ್ಲಿ ಆಗಷ್ಟೇ ತೋಟ ಭಾಗ ಆಗಿತ್ತಂತೆ. ಇಲ್ಲಪ್ಪ, ಮೂವರಿಗೂ ಇಡೀ ತೋಟ ಸಿಗುತ್ತದೆ, ಅಪ್ಪನದೂ ಅಪ್ಪನ ಹತ್ತಿರವೇ ಇರುತ್ತದೆ ಅಂದೆ. ‘ಅಂಥ ಮನೆ ಎಲ್ಲಿದೆ ಸರ್’ ಅಂತ ಕ್ಲಾಸಿಗೆ ಕ್ಲಾಸೇ ನಕ್ಕಿತು. ‘ಬಳುವಳಿ’ಯೂ ನಡೆಯಲಿಲ್ಲ. ಅದು ಮಗಳ ಮದುವೆಯಲ್ಲಿ ಕೊಡುವುದು ಅಂತ ಹುಡುಗಿಯರೇ ತಳ್ಳಿಹಾಕಿದರು.

ಕೊನೆಗೆ ಅದೇ ಹುಡುಗ ಕೊಟ್ಟ ಪದ ‘ತಳಿ’. ನನಗೆ ಇದು ತುಂಬ ಹಿಡಿಸಿದೆ. ತಳಿಯಲ್ಲಿ ಗುಣ ಇಳಿದು ಬರುತ್ತದೆ, ಭಾಗ ಆಗುವುದಿಲ್ಲ. ಕಾಫಿ ಗಿಡದಲ್ಲಿ ಅರೇಬಿಕಾ, ಅದರಲ್ಲಿ ಎಸ್ 795. ಮಲೆನಾಡಿನ ಮಕ್ಕಳಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಒಂದು ತೊಡಕಿದೆ. ಎಸ್ 795 ಅನ್ನುವುದು ಎಸ್ 288 ಮತ್ತು ಕೆಂಟ್ ಎರಡನ್ನೂ ಕೂಡಿಸಿ ಬಂದ ತಳಿ. ಇಬ್ಬರು ಹೆತ್ತವರು! ಸಿ ಪ್ಲಸ್ ಪ್ಲಸ್‌ನಲ್ಲಿ ಇದು ನಡೆಯುತ್ತದೆ, ಜಾವಾದಲ್ಲಿ ಕ್ಲಾಸಿಗೆ ತಂದೆ ಕ್ಲಾಸ್ ಒಂದೇ. ಅದನ್ನೇ ಪಾಠ ಮಾಡಿಕೊಂಡೆ, ಬಿಡಿ. ಸಬ್‌ಕ್ಲಾಸ್‌ಗೆ, ಅಂದರೆ ಮಗು ಕ್ಲಾಸಿಗೆ, ‘ಒಳತಳಿ’, ಇನ್‌ಹೆರಿಟೆನ್ಸ್‌ಗೆ ‘ತಳಿಗುಣ’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?

ಪಾಲಿಮಾರ್ಫಿಸಂಗೆ ‘ಬಹುರೂಪತೆ’ ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಅಲ್ಲೇ ತಕರಾರು. ಬಹುರೂಪಿ ಅಂದರೆ ಒಬ್ಬನೇ ಮನುಷ್ಯ ಹತ್ತು ವೇಷ ಹಾಕುವವನು. ಇಲ್ಲಿ ಇರುವುದು ಹತ್ತು ಜನ, ಕೂಗುವುದು ಒಂದೇ ಕೂಗು, ಅವರವರು ಅವರವರ ರೀತಿಯಲ್ಲಿ ಓಗೊಡುತ್ತಾರೆ. ತೋಟದಲ್ಲಿ ‘ಕಾಫಿ ಒಣಗಿಸಿ’ ಅಂತ ಒಂದು ಮಾತು ಹೇಳಿದರೆ ಸಾಕು. ಪಾರ್ಚ್‌ಮೆಂಟ್ ಆದರೆ ಹಣ್ಣು ಪಲ್ಪರ್‌ಗೆ ಹೋಗಿ, ಸಿಪ್ಪೆ ಕಳಚಿ, ತೊಳೆಸಿಕೊಂಡು ಆಮೇಲೆ ಕಣಕ್ಕೆ ಬರುತ್ತದೆ. ಚೆರಿ ಆದರೆ ಸಿಪ್ಪೆ ಸಮೇತ ನೇರವಾಗಿ ಕಣಕ್ಕೆ, ಒಣಗಲು ದಿನವೂ ಜಾಸ್ತಿ. ಮಾತು ಒಂದೇ, ಮಾಡುವ ರೀತಿ ಎರಡು. ‘ಬಹುನಡೆ’ ಅಂತ ಒಂದು ಕಟ್ಟಿ ನೋಡಿದೆ. ಸರ್ಕಾರಿ ಯೋಜನೆ ಹೆಸರಿನ ಹಾಗೆ ಕೇಳುತ್ತದೆ.

‘ಕಟ್ಟು’ ಅಂತ ಬರೆದ ಮೇಲೆ ಇನ್ನೊಂದು ಹೊಳೆಯಿತು. ಮನೆ ಕಟ್ಟು, ಹೂ ಕಟ್ಟು, ದನ ಕಟ್ಟು, ಫೀಸ್ ಕಟ್ಟು. ಇದು ಓವರ್‌ಲೋಡಿಂಗ್‌ಗೆ (ಒಂದೇ ಹೆಸರು, ಕೊಟ್ಟದ್ದರ ಮೇಲೆ ಬೇರೆ ಬೇರೆ ಕೆಲಸ) ಹತ್ತಿರ, ಓವರ್‌ರೈಡಿಂಗ್ (ತಂದೆಯ ಕೆಲಸವನ್ನು ಮಗು ತನ್ನ ರೀತಿಯಲ್ಲಿ ಮಾಡುವುದು) ಅಲ್ಲ ಅಂತ ತಿಳಿದವರು ಜಗಳಕ್ಕೆ ಬರಬೇಡಿ, ನನಗೂ ಗೊತ್ತು. ನಾನು ನೋಡಿದ್ದು ಪದಗಳ ಸಾಲನ್ನು. ನಮ್ಮಲ್ಲಿ ವಸ್ತು ಮೊದಲು, ಕ್ರಿಯೆ ಆಮೇಲೆ. ಜಾವಾದ ಚುಕ್ಕಿ ಬರವಣಿಗೆಯೂ ಹಾಗೇ: ಹೂ.ಕಟ್ಟು(). ಇಂಗ್ಲಿಷಿನಲ್ಲಿ ಕ್ರಿಯೆ ಮೊದಲು ಬರುತ್ತದೆ, ಹಳೆಯ ಸಿ ಭಾಷೆಯ ಕಟ್ಟು(ಹೂ) ಇದ್ದ ಹಾಗೆ. ಸುಮ್ನೆ ಕಾಕತಾಳೀಯವೇ ಇರಬಹುದು. ಮಕ್ಕಳಿಗೆ ಮಾತ್ರ ಚುಕ್ಕಿಯ ಭಯ ಹೋಯಿತು.

ಟಿಪ್ಪಣಿ ಮುಂದಿನ ತಿಂಗಳು ಜೆರಾಕ್ಸಿಗೆ ಹೋಗಬೇಕು. ಕ್ಲಾಸ್‌ಗೆ ‘ರೂಢ’ ಅಂದರೆ ‘ರೂಢಿ’ಯ ಜೊತೆ ಕಲಸಿಹೋಗುತ್ತದೆಯೇ, ಕೈಗೆ ಸಿಗದ ಆಬ್ಜೆಕ್ಟಿಗೆ ಏನನ್ನಬೇಕು, ‘ಬಹುನಡೆ’ಗಿಂತ ವಾಸಿಯಾದದ್ದು ಏನಿದೆ, ದಯವಿಟ್ಟು ಹೇಳಿ. ತಂತ್ರಾಂಶದಲ್ಲಿ ಕೆಲಸ ಮಾಡುವವರು ಆಫೀಸಿನಲ್ಲಿ ಕನ್ನಡದಲ್ಲಿ ಮಾತಾಡುವಾಗ ಇವಕ್ಕೆ ಏನೆನ್ನುತ್ತೀರಿ ಅನ್ನುವುದೂ ಬೇಕು. ಎನ್‌ಕ್ಯಾಪ್ಸುಲೇಷನ್‌ಗೆ (ಒಳಗಿನದನ್ನು ಹೊರಗಿನವರು ಮುಟ್ಟದ ಹಾಗೆ ಮುಚ್ಚಿಡುವುದಕ್ಕೆ) ಮಾತ್ರ ಕೇಳುತ್ತಿಲ್ಲ. ಸಾಮಾನು ಕೇಳಿ ತಗೊಳ್ಳಿ, ಗಲ್ಲಾಪೆಟ್ಟಿಗೆಗೆ ಕೈ ಹಾಕುವುದು ಅಂಗಡಿಯವನೊಬ್ಬನೇ ಅಂದೆ. ಆಲೂರಿನ ಹುಡುಗಿ ಅವತ್ತಿನಿಂದ ಪ್ರೈವೇಟ್ ಅಂತ ಇರುವ ಕಡೆಯೆಲ್ಲ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಗಲ್ಲಾ’ ಅಂತ ಬರೆದುಕೊಳ್ಳುತ್ತಿದ್ದಾಳೆ.