ಆಳಗಡಲ ಗಂಟು ಗಣಿಗಾರಿಕೆ: ಪರಿಸರ ಪರಿಣಾಮ ವರದಿಯಲ್ಲಿ ಮೊದಲು ಏನನ್ನು ಹಿಡಿದು ನೋಡಬೇಕು?

ತಳಸ್ಪರ್ಶಿ (ಪ್ರಶ್ನೆ):
ಸಮುದ್ರತಳದ ಮೇಲೆ ಬಿದ್ದಿರುವ ಬಹುಲೋಹದ ಗಂಟುಗಳನ್ನು (ಮ್ಯಾಂಗನೀಸ್, ನಿಕಲ್‌ನಂಥ ಲೋಹಗಳಿರುವ ಕಲ್ಲಿನಂಥ ಉಂಡೆಗಳು) ಎತ್ತುವ ಯಂತ್ರದ ಪರೀಕ್ಷೆಗೆ ಒಂದು ಪರಿಸರ ಪರಿಣಾಮ ವರದಿ ಬಂದಿದೆ ಅಂತಿಟ್ಟುಕೊಳ್ಳಿ. ಜಾಗ ಪೆಸಿಫಿಕ್ ಸಾಗರದ ಕ್ಲಾರಿಯನ್-ಕ್ಲಿಪ್ಪರ್ಟನ್ ವಲಯ, ಆಳ 4,300 ಮೀಟರ್. ಕರಡಿನಲ್ಲಿರುವುದು ಇಷ್ಟು: ಒಂದೇ ಯಾನದಲ್ಲಿ ತೆಗೆದ 6 ಬಾಕ್ಸ್ ಕೋರ್ (ಪೆಟ್ಟಿಗೆಯಿಂದ ಕತ್ತರಿಸಿ ತಂದ ತಳದ ಮಣ್ಣು), ಮಲ್ಟಿಕೋರರ್ (ಹಲವು ಕೊಳವೆಗಳಲ್ಲಿ ಒಟ್ಟಿಗೆ ಮಣ್ಣು ತರುವ ಉಪಕರಣ) 8 ಸಲ ಇಳಿಸಿ ಪಡೆದ ‘64 ಮಾದರಿ’, ಒಂದು ತಿಂಗಳ ಪ್ರವಾಹದ ಅಳತೆ, ಯಂತ್ರ ಎಬ್ಬಿಸುವ ಹೂಳು 5 ಕಿ.ಮೀ. ದಾಟುವುದಿಲ್ಲ ಎನ್ನುವ ಮಾಡೆಲ್, 10 ಕಿ.ಮೀ. ದೂರದಲ್ಲಿ, ಸಮುದ್ರಬೆಟ್ಟವೊಂದರ ಬುಡದಲ್ಲಿ ಗುರುತಿಸಿದ ಹೋಲಿಕೆ ವಲಯ (ಗಣಿ ಜಾಗದ ಜೊತೆ ಹೋಲಿಸಲು ಮುಟ್ಟದೆ ಬಿಡುವ ಜಾಗ). ಕೊನೆಗೆ ‘ಕೆಲವು ದಶಕಗಳಲ್ಲಿ ತಳ ಚೇತರಿಸಿಕೊಳ್ಳುತ್ತದೆ’ ಎಂಬ ಒಂದು ಸಾಲು. ಇದರಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ? ಆಕ್ಷೇಪಣೆ ಬರೆಯುವುದಾದರೆ ಎಲ್ಲಿಂದ ಶುರುಮಾಡಬೇಕು?

ಕಡಲಜೀವಿ:
ಆ ‘64’ರಿಂದಲೇ ಶುರುಮಾಡಿ. ಮಲ್ಟಿಕೋರರ್ ಒಂದು ಸಲ ಇಳಿದಾಗ ಅದರ 8 ಕೊಳವೆಗಳೂ ತಳದ ಒಂದೇ ಚೂರಿನಿಂದ, ಒಂದಕ್ಕೊಂದು ಒತ್ತಿಕೊಂಡಂತೆ ಮಣ್ಣು ತರುತ್ತವೆ. ಅವು ಸ್ವತಂತ್ರ ಮಾದರಿಗಳಲ್ಲ. 8 ಸಲ ಇಳಿಸಿದರೆ ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಸಿಗುವುದು 8, ಅಷ್ಟೇ. 64 ಎಂದು ಎಣಿಸಿದಾಗ ಇಲ್ಲದ ನಿಖರತೆ ಕಾಣಿಸಿಕೊಳ್ಳುತ್ತದೆ, ಮುಂದಿನ ಪರೀಕ್ಷೆಗಳೆಲ್ಲ ಅದರ ಮೇಲೆ ನಿಂತುಬಿಡುತ್ತವೆ. ವರದಿ ಬರೆದವರಿಂದ ಕೇಳಬೇಕಾದದ್ದು ಒಂದು ಲೆಕ್ಕ: ಜೀವಿಗಳ ಸಂಖ್ಯೆ ಅರ್ಧಕ್ಕೆ ಇಳಿದರೂ ಅದನ್ನು ಪತ್ತೆಹಚ್ಚಲು ಈ 8 ಇಳಿಕೆಗಳು ಸಾಕೇ? ಆ ಲೆಕ್ಕ ಇಲ್ಲದೆ ‘ಗಮನಾರ್ಹ ಪರಿಣಾಮ ಕಂಡುಬಂದಿಲ್ಲ’ ಎಂದು ಬರೆದರೆ, ಕಣ್ಣು ಮುಚ್ಚಿಕೊಂಡು ಏನೂ ಕಾಣಲಿಲ್ಲ ಅಂದಂತೆ.

ಬಾಕ್ಸ್ ಕೋರ್ ವಿಷಯದಲ್ಲಿ ವಿಧಾನದ ಅಧ್ಯಾಯವನ್ನು ಸಾಲುಸಾಲಾಗಿ ಓದಿ. 50 × 50 ಸೆಂ.ಮೀ. ಪೆಟ್ಟಿಗೆ ವೇಗವಾಗಿ ಇಳಿದರೆ ಅದರ ಮುಂದೆ ತಳ್ಳಿಕೊಂಡು ಬರುವ ನೀರಿನ ಅಲೆ ಮೇಲ್ಪದರದ ಹಗುರ ಕೆಸರನ್ನು ಹಾರಿಸಿಬಿಡುತ್ತದೆ. ಅಲ್ಲಿರುವ ಅತಿಸಣ್ಣ ಪ್ರಾಣಿಗಳೂ ಅದರ ಜೊತೆ ಹೋಗುತ್ತವೆ. ಅದಕ್ಕೇ ಅತಿಸಣ್ಣ ಪ್ರಾಣಿಗಳಿಗೆ ಮಲ್ಟಿಕೋರರ್ ಮತ್ತು 32 ಮೈಕ್ರಾನ್ ಜರಡಿ, ಸ್ವಲ್ಪ ದೊಡ್ಡವಕ್ಕೆ ಬಾಕ್ಸ್ ಕೋರ್ ಮತ್ತು 300 ಮೈಕ್ರಾನ್ ಜರಡಿ. ಗಂಟೊಂದು ಪೆಟ್ಟಿಗೆಯ ತಳ ಮುಚ್ಚುವ ಸಲಿಕೆಗೆ ಸಿಕ್ಕಿಕೊಂಡು ಪೆಟ್ಟಿಗೆ ಪೂರ್ತಿ ಮುಚ್ಚದಿದ್ದರೆ ಮೇಲೆ ಬರುವಷ್ಟರಲ್ಲಿ ನೀರು ಸೋರಿ ಮೇಲ್ಪದರ ತೊಳೆದುಹೋಗಿರುತ್ತದೆ. ಅಂಥ ಮಾದರಿಯಲ್ಲಿ ಗಂಟಿನ ತೂಕ ನೋಡಬಹುದು, ಜೀವಿಗಳನ್ನು ಎಣಿಸುವಂತಿಲ್ಲ. ಎಷ್ಟು ಮಾದರಿ ಹೀಗೆ ತಿರಸ್ಕೃತವಾದವು ಅಂತ ವರದಿ ಹೇಳಲೇಬೇಕು.

ಡೆಕ್ ಮೇಲಿನ ಕ್ರಮವೂ ಮುಖ್ಯ. ಮೊದಲು ಮೇಲೆ ನಿಂತ ನೀರನ್ನು ಕೊಳವೆಯಿಂದ ಎಳೆದು ಜರಡಿ ಹಿಡಿಯಬೇಕು, ಆಮೇಲೆ ಫೋಟೊ, ಆಮೇಲೆ ಗಂಟುಗಳನ್ನು ಒಂದೊಂದಾಗಿ ಎತ್ತಿ, ಸೋಸಿದ ತಣ್ಣನೆಯ ಸಮುದ್ರದ ನೀರಿನಲ್ಲಿ ತೊಳೆದು, ಬಿರುಕುಗಳಲ್ಲಿರುವ ಜೀವಿಗಳನ್ನು ಬೇರೆ ಡಬ್ಬಿಗೆ ಹಾಕಬೇಕು. ನೀರನ್ನು ಸೋಸದೆ ಬಳಸಿದರೆ ಮೇಲ್ಮೈಯಲ್ಲಿ ತೇಲುವ ಸಣ್ಣ ಜೀವಿಗಳು (ಪ್ಲವಕಗಳು) ಮಾದರಿಗೆ ಸೇರಿಕೊಳ್ಳುತ್ತವೆ. ಮಣ್ಣನ್ನು 0–3, 3–5, 5–10 ಸೆಂ.ಮೀ. ಪದರಗಳಾಗಿ ಕತ್ತರಿಸುವುದು ರೂಢಿ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದ್ದರೆ ಡಿಎನ್‌ಎ ಹೋಯಿತು ಅಂತಲೇ ಲೆಕ್ಕ. ಒಂದು ಭಾಗವಾದರೂ ಎಥೆನಾಲ್‌ನಲ್ಲಿ, ತಂಪಿನಲ್ಲಿ ಇರಬೇಕು. ಈ ವಲಯದಲ್ಲಿ ಸಿಗುವ ಜೀವಿಗಳಲ್ಲಿ ಸುಮಾರು 10ಕ್ಕೆ 9ಕ್ಕೆ ವೈಜ್ಞಾನಿಕ ಹೆಸರೇ ಇಟ್ಟಿಲ್ಲ, ಹಾಗಾಗಿ ಡಿಎನ್‌ಎ ಇಲ್ಲದೆ ಎರಡು ಜಾಗದ ಪಟ್ಟಿಗಳನ್ನು ಹೋಲಿಸುವುದೇ ಕಷ್ಟ. ಒಂದೇ ಒಂದು ಸಲ ಸಿಕ್ಕ ಪ್ರಭೇದಗಳು ಪಟ್ಟಿಯಲ್ಲಿ ತುಂಬಿದ್ದರೆ, ಅವು ಬೇರೆಡೆಯೂ ಇವೆ ಎನ್ನುವ ಮಾತಿಗೆ ಆಧಾರವಿಲ್ಲ.

ಪ್ರವಾಹಮಾಪಕ:
ಹೂಳಿನ ಮಾತು ನಾನು ಹೇಳುತ್ತೇನೆ. ‘5 ಕಿ.ಮೀ.’ ಅನ್ನುವ ಅಂಕಿಗೆ ತಾನಾಗಿ ಅರ್ಥವಿಲ್ಲ. ಎಷ್ಟು ದಪ್ಪದ ಹೂಳಿನ ಗಡಿ ಅದು? 1 ಮಿ.ಮೀ.ಗೆ ಗೆರೆ ಎಳೆದರೆ ನಕ್ಷೆ ಪುಟ್ಟದು, 0.1 ಮಿ.ಮೀ.ಗೆ ಎಳೆದರೆ ಅದೇ ಮಾಡೆಲ್‌ನ ನಕ್ಷೆ ಬಹಳ ದೊಡ್ಡದಾಗುತ್ತದೆ. ಇಲ್ಲಿ ಸಹಜವಾಗಿ ಹೂಳು ಬೀಳುವುದು ಸಾವಿರ ವರ್ಷಕ್ಕೆ ಕೆಲವೇ ಮಿಲಿಮೀಟರ್. ಆದ್ದರಿಂದ 0.1 ಮಿ.ಮೀ. ಅಂದರೂ ಹಲವು ವರ್ಷಗಳ ಹೂಳು ಒಮ್ಮೆಲೇ ಬಿದ್ದಂತೆ. ಹಲವು ಗಡಿಗೆರೆಗಳಿರುವ ನಕ್ಷೆಯನ್ನೇ ಕೇಳಿ.

2021ರಲ್ಲಿ ಪಟಾನಿಯಾ-2 ಎಂಬ ಗಂಟು ಎತ್ತುವ ಪರೀಕ್ಷಾ ಯಂತ್ರದ ಹಿಂದೆ ಮಾಡಿದ ಅಳತೆಯಲ್ಲಿ, ಎದ್ದ ಹೂಳಿನ 92ರಿಂದ 98 ಪ್ರತಿಶತ ತಳದಿಂದ 2 ಮೀಟರ್ ಎತ್ತರದೊಳಗೇ ಉಳಿದು, ದಟ್ಟ ಕೆಸರಿನ ಹರಿವಿನಂತೆ ಪಕ್ಕಕ್ಕೆ ಸರಿದಿತ್ತು. ಈ ಅಂಕಿಯನ್ನು ‘ಹೂಳು ಹರಡುವುದಿಲ್ಲ’ ಎಂದು ಓದುವುದು ತಪ್ಪು. ದೂರ ಹೋಗುವುದು ಉಳಿದ 2–8 ಪ್ರತಿಶತ, ಮತ್ತು ಅದು ಹೋಗುವುದು ಹೆಚ್ಚುಕಡಿಮೆ ತಿಳಿನೀರಿನಲ್ಲಿ ಸೋಸಿ ತಿಂದು ಬದುಕುವ ಪ್ರಾಣಿಗಳ ಮೇಲೆ.

ಮಾಡೆಲ್‌ನಲ್ಲಿ ಮೂರು ಕಡೆ ಎಡವುತ್ತಾರೆ. ಕಣಗಳ ಗಾತ್ರವನ್ನು ಪ್ರಯೋಗಾಲಯದಲ್ಲಿ ಬಿಡಿಬಿಡಿಯಾಗಿಸಿ ಅಳೆದಿದ್ದರೆ ತಳದಲ್ಲಿ ಅವು ಅಂಟಿಕೊಂಡು ಗುಂಪಾಗುವುದು ಲೆಕ್ಕಕ್ಕೆ ಬರುವುದಿಲ್ಲ. ಗುಂಪಾಗುವುದನ್ನು ಅತಿಯಾಗಿ ಊಹಿಸಿದ್ದರೆ ಹೂಳು ಬೇಗ ಬಿದ್ದಂತೆ ಕಾಣುತ್ತದೆ. ಕೆಸರು ಅಳೆಯುವ ಬೆಳಕಿನ ಸೆನ್ಸರ್‌ಗಳನ್ನು ಅದೇ ಜಾಗದ ಮಣ್ಣಿನಿಂದ ಲೀಟರಿಗೆ ಮಿಲಿಗ್ರಾಂ ಲೆಕ್ಕಕ್ಕೆ ಹೊಂದಿಸಿರಬೇಕು; ಕಂಪನಿಯಿಂದ ಬಂದ ಹೊಂದಾಣಿಕೆ ಇಲ್ಲಿ ನಡೆಯುವುದಿಲ್ಲ. ಮೂರನೆಯದು ನಿಮ್ಮ ಕರಡಿನ ದೊಡ್ಡ ದೋಷ: ಒಂದು ತಿಂಗಳ ಪ್ರವಾಹ. ಮಧ್ಯ ಅಮೆರಿಕದ ಕರಾವಳಿಯಲ್ಲಿ ಬೀಸುವ ಗಾಳಿಯಿಂದ ಹುಟ್ಟುವ ದೊಡ್ಡ ಸುಳಿಗಳು ಪಶ್ಚಿಮಕ್ಕೆ ಸಾಗಿ ಈ ವಲಯದ ಮೇಲೆ ಹಾಯುತ್ತವೆ, ಆಗ 4,000 ಮೀಟರ್ ಕೆಳಗೂ ಪ್ರವಾಹ ಜೋರಾಗುತ್ತದೆ. ಕನಿಷ್ಠ ಒಂದು ಪೂರ್ತಿ ವರ್ಷ ತಳಕ್ಕೆ ಕಟ್ಟಿದ ಮಾಪಕಗಳಿಲ್ಲದೆ ಇದು ಸಿಗುವುದಿಲ್ಲ.

ಗಂಟುಗಳ ಜೊತೆ ಮೇಲೆ ಬಂದು ಹಡಗಿನಿಂದ ವಾಪಸು ಬಿಡುವ ಕೆಸರುನೀರಿಗೆ ಬೇರೆಯೇ ಅಧ್ಯಾಯ ಇದೆಯೇ? ಅದು ನಡುನೀರಿನಲ್ಲಿ ಹರಡುವ ಎರಡನೇ ಕೆಸರುಮೋಡ, ಅದಕ್ಕೆ ಬೇರೆ ಬೇಸ್‌ಲೈನ್ (ಕೆಲಸಕ್ಕೆ ಮೊದಲಿನ ಸ್ಥಿತಿಯ ಅಳತೆ) ಬೇಕು.

ಹೂಳುಗೆರೆ:
‘ಕೆಲವು ದಶಕ’ ಅನ್ನುವ ಸಾಲನ್ನು ತೆಗೆಸಿ. ಪೆರು ಜಲಾನಯನದಲ್ಲಿ 1989ರಲ್ಲಿ ಡಿಸ್ಕಾಲ್ ಎಂಬ, ತಳ ಕಲಕಿ ಚೇತರಿಕೆ ನೋಡುವ ಪ್ರಯೋಗಕ್ಕಾಗಿ 8 ಮೀಟರ್ ಅಗಲದ ನೇಗಿಲಿನಿಂದ ತಳವನ್ನು ಉತ್ತರು. 2015ರಲ್ಲಿ, ಅಂದರೆ 26 ವರ್ಷದ ಮೇಲೆ, ಗೆರೆಗಳು ಹಾಗೇ ಇದ್ದವು. ಬ್ಯಾಕ್ಟೀರಿಯಾದ ಚಟುವಟಿಕೆಯೂ ಪೂರ್ತಿ ಮರಳಿರಲಿಲ್ಲ. ಅಲ್ಲಿ ಗಂಟುಗಳನ್ನು ಎತ್ತಿರಲೇ ಇಲ್ಲ, ಮಣ್ಣಿನೊಳಗೆ ಹೂತಿದ್ದರು ಅಷ್ಟೇ. ಕ್ಲಾರಿಯನ್-ಕ್ಲಿಪ್ಪರ್ಟನ್‌ನಲ್ಲೇ 1979ರಲ್ಲಿ ಓಡಿಸಿದ ಯಂತ್ರದ ಜಾಡು 44 ವರ್ಷದ ಮೇಲೆ, 2023ರಲ್ಲಿ, ನೋಡಿದಾಗಲೂ ಸ್ಪಷ್ಟವಾಗಿತ್ತು. ಕೆಲವು ಸಣ್ಣ ಜೀವಿಗಳು ಅಲ್ಲಿ ಮತ್ತೆ ನೆಲೆಗೊಳ್ಳಲು ಶುರುಮಾಡಿವೆ ಎನ್ನುವುದೂ ನಿಜ, ವರದಿ ಅದನ್ನೂ ಹೇಳಲಿ. ಆದರೆ ಗಂಟಿಗೇ ಅಂಟಿಕೊಂಡು ಬದುಕುವ ಸ್ಪಂಜು, ಹವಳಗಳಿಗೆ ಗಂಟು ಬೇಕು, ಅದು ಬೆಳೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವು ಮಿಲಿಮೀಟರ್.

ಸಮುದ್ರಬೆಟ್ಟದ ಬುಡದ ಹೋಲಿಕೆ ವಲಯ ಬಿದ್ದುಹೋಗುತ್ತದೆ. ಆಳ, ಗಂಟಿನ ಸಾಂದ್ರತೆ, ಮಣ್ಣಿನ ಗುಣ, ಮೇಲಿನಿಂದ ಬೀಳುವ ಆಹಾರ ಎಲ್ಲವೂ ಗಣಿ ಜಾಗಕ್ಕೆ ಹೊಂದಬೇಕು, ಜೊತೆಗೆ ಹೂಳಿನಿಂದ ಹೊರಗಿರಬೇಕು. 5 ಕಿ.ಮೀ. ಅಂಕಿಯೇ ಅನುಮಾನವಾದ ಮೇಲೆ 10 ಕಿ.ಮೀ. ದೂರ ಸಾಕು ಅಂತ ಹೇಗೆ ಹೇಳುವುದು?

ತಳಸ್ಪರ್ಶಿ:
ಉಪಕಾರವಾಯಿತು. ಒಂದೇ ಒಂದು ಸಂದೇಹ: ಪರೀಕ್ಷೆಯ ಜಾಗ ಚಿಕ್ಕದು, ಹಾಗಾಗಿ ಪರಿಣಾಮವೂ ಚಿಕ್ಕದು ಅನ್ನುವ ವಾದಕ್ಕೆ ಏನು ಉತ್ತರ?

ಹೂಳುಗೆರೆ:
ಪರೀಕ್ಷೆಯ ಮಟ್ಟಿಗೆ ಆ ವಾದ ಸರಿ. ಅದನ್ನು ಹಿಗ್ಗಿಸಿ ಗಣಿಗೆ ಅನ್ವಯಿಸಿದರೆ ತಪ್ಪು. ಚದರ ಮೀಟರಿಗೆ 15 ಕೆ.ಜಿ. ಹಸಿ ಗಂಟು ಇರುವ ಕಡೆ ವರ್ಷಕ್ಕೆ 30 ಲಕ್ಷ ಟನ್ ಎತ್ತಬೇಕಾದರೆ, ಒಂದನ್ನೂ ಬಿಡದೆ ಎತ್ತಿದರೂ 200 ಚ.ಕಿ.ಮೀ. ತಳ ಬೇಕು. ಯಂತ್ರ ಎತ್ತುವುದು 80 ಪ್ರತಿಶತ ಎಂದಾದರೆ 250. ಮೇಲಿನ 10 ಸೆಂ.ಮೀ. ಮಣ್ಣು ಕಲಕಿದರೆ ವರ್ಷಕ್ಕೆ 2.5 ಕೋಟಿ ಘನ ಮೀಟರ್. ಈ ಪುಟ್ಟ ಲೆಕ್ಕ ವರದಿಯಲ್ಲಿ ಇದೆಯೇ ನೋಡಿ. ಪರೀಕ್ಷೆಯ ವರದಿಯನ್ನು ಕೆಲಸ ಶುರುವಾಗುವ ಕನಿಷ್ಠ ಒಂದು ವರ್ಷ ಮೊದಲು ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರಕ್ಕೆ ಕೊಡಬೇಕು ಎಂಬ ಶಿಫಾರಸು ಇದೆ. ಒಂದು ವರ್ಷದ ಪ್ರವಾಹದ ಅಳತೆ ಬೇಕು ಅಂತ ನೀವು ಈಗಲೇ ಬರೆದರೆ ಅವರಿಗೆ ಮಾಪಕಗಳನ್ನು ಇಳಿಸಲು ಇನ್ನೂ ಸಮಯವಿದೆ.