ಅಪ್‌ಡೇಟ್: ಅಮ್ಮನಿಗೆ ಮೈಸೂರು ದಸರಾ ತೋರಿಸಿದೆ

ಮಂಡಿನೋವಿರುವ ಅಮ್ಮನನ್ನು ಮೈಸೂರು ದಸರೆಗೆ ಕರೆದೊಯ್ಯಬಹುದೇ, ಜಂಬೂಸವಾರಿಯ ನೂಕುನುಗ್ಗಲು ತಡೆದಾರೇ ಎಂದು ಕೇಳಿದ್ದೆ. ‘ವಿಜಯದಶಮಿಗೆ ಮೊದಲೇ ಹೋಗಿ, ಆನೆಗಳ ತಾಲೀಮು ನೋಡಿ’ ಎಂದವರಿಗೆಲ್ಲ ದೊಡ್ಡ ನಮಸ್ಕಾರ!

ಹಾಗೇ ಮಾಡಿದೆವು. 750 ಕೆಜಿಯ ಚಿನ್ನದ ಅಂಬಾರಿ ಹೊರಲು ಆನೆಯನ್ನು ಒಗ್ಗಿಸಬೇಕಲ್ಲ, ಅದಕ್ಕೆ ಮೊದಲು ಮರಳು ಮೂಟೆ, ಆಮೇಲೆ ಮರದ ಅಂಬಾರಿ ಹೊರಿಸಿ ಅರಮನೆಯಿಂದ ಬನ್ನಿಮಂಟಪಕ್ಕೆ ನಡೆಸುತ್ತಾರೆ. ನಮಗೆ ಸಿಕ್ಕಿದ್ದು ಮರದ ಅಂಬಾರಿ. ಆನೆ ಎದುರಿಗೇ ಬಂತು: ಬಿಗಿದ ಹಗ್ಗ, ಬೀಸುವ ಕಿವಿ, ಕತ್ತಿನ ಮೇಲೆ ಕೂತು ಮೆಲ್ಲಗೆ ಮಾತಾಡಿಸುವ ಮಾವುತ. ಅಮ್ಮ ಕೈಮುಗಿದೇಬಿಟ್ಟರು.

ಸಂಜೆ ಅರಮನೆಯ ದೀಪಾಲಂಕಾರವೂ ಆಯಿತು. ಜಂಬೂಸವಾರಿಯನ್ನು ಮನೆಯಲ್ಲೇ ಟಿವಿಯಲ್ಲಿ ನೋಡಿದೆವು. ವಯಸ್ಸಾದವರಿದ್ದರೆ ನಾನೂ ಇದನ್ನೇ ಹೇಳುತ್ತೇನೆ.